ಮೊದಲು ನಿಮ್ಮ ಅಪ್ಪನ ಪಹಣಿ ಓದಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನವನು, ವಯಸ್ಸು 24. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಾಲೇಜಿನಲ್ಲಿದ್ದಾಗ ಗೆಳೆಯರ ಜತೆ ಸೇರಿ ರೈತರಿಗಾಗಿ ಒಂದು ಆ್ಯಪ್ ಮಾಡಿದ್ದೆ. ಹವಾಮಾನ, ಮಾರುಕಟ್ಟೆ ದರ, ಸರ್ಕಾರದ ಯೋಜನೆಗಳು ಎಲ್ಲ ಅದರಲ್ಲಿದ್ದವು. ಹ್ಯಾಕಥಾನ್‌ನಲ್ಲಿ ಬಹುಮಾನವೂ ಬಂತು. ಊರಿನಲ್ಲಿ ಐವತ್ತು ಜನರ ಫೋನಿಗೆ ನಾನೇ ಹಾಕಿಕೊಟ್ಟೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಒಬ್ಬರೂ ಬಳಸುತ್ತಿರಲಿಲ್ಲ. ಆದರೆ ಊರಿಗೆ ಹೋದಾಗಲೆಲ್ಲ ಜನ ಏನಾದರೊಂದು ಕಾಗದ ಹಿಡಿದು ಬರುತ್ತಾರೆ. 2023ರ ಬರ ಪರಿಹಾರ ನಮ್ಮ ಅಪ್ಪನಿಗೇ ಅರ್ಧ ಮಾತ್ರ ಬಂತು, ಯಾಕೆಂದು ಯಾರೂ ಹೇಳಲಿಲ್ಲ. ನನಗೆ ಬರುವ ಕೋಡಿಂಗ್ ಇಂಥವರಿಗೆ ಉಪಯೋಗವಾಗಬೇಕು ಅನ್ನಿಸುತ್ತದೆ. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲೇ? ಏನು ಕಟ್ಟಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ‘ಊರಿಗೆ ಹೋದಾಗಲೆಲ್ಲ ಜನ ಏನಾದರೊಂದು ಕಾಗದ ಹಿಡಿದು ಬರುತ್ತಾರೆ.’ ಏನು ಕಟ್ಟಲಿ ಎಂದು ನನ್ನನ್ನು ಕೇಳಿದ್ದೀರಿ. ಊರಿನವರು ಅದನ್ನು ಆಗಲೇ ನಿಮಗೆ ಹೇಳಿದ್ದಾರೆ. ನಾಳೆ ಮಳೆ ಬರುತ್ತದೆಯೇ, ಜೋಳ ಎಷ್ಟಕ್ಕೆ ಹೋಗುತ್ತಿದೆ ಎಂದು ಕೇಳಿಕೊಂಡು ಯಾರೂ ನಿಮ್ಮ ಮನೆ ಬಾಗಿಲಿಗೆ ಬಂದಿರಲಿಲ್ಲ. ಮಳೆಯ ಸುದ್ದಿ ಟಿವಿಯಲ್ಲಿ ಸಿಗುತ್ತದೆ. ದರ ಬೇಕೆಂದರೆ ದಲಾಲಿ ಅಂಗಡಿಗೆ ಒಂದು ಫೋನ್ ಸಾಕು. ಅವರಿಂದ ಬಗೆಹರಿಸಿಕೊಳ್ಳಲು ಆಗದೆ ಉಳಿದಿರುವುದು ಕೈಯಲ್ಲಿರುವ ಆ ಕಾಗದ. ನಿಮ್ಮ ಆ್ಯಪಿನಲ್ಲಿ ಅದೊಂದಕ್ಕೆ ಜಾಗವಿರಲಿಲ್ಲ.

ಇದನ್ನು ತಪ್ಪು ಹುಡುಕಲು ಹೇಳುತ್ತಿಲ್ಲ. ಇಪ್ಪತ್ತು ವರ್ಷಗಳಿಂದ ರೈತ ಸಂಘಟನೆಗಳು, ಮಹಿಳಾ ಸಂಘಗಳ ಜತೆ ಲೆಕ್ಕಪತ್ರ ಮತ್ತು ಮಾಹಿತಿಯ ಕೆಲಸ ಮಾಡಿಕೊಂಡು ಬಂದಿದ್ದೇನೆ. ಒಳ್ಳೆಯ ಮನಸ್ಸಿನ ಹುಡುಗರು ಕಟ್ಟಿದ ಎಷ್ಟೋ ಆ್ಯಪ್‌ಗಳು ಹೀಗೇ ನಿಂತುಹೋದದ್ದನ್ನು ಕಂಡಿದ್ದೇನೆ, ನೊಂದುಕೊಂಡಿದ್ದೇನೆ. ನಿಮ್ಮದು ನಿಲ್ಲಬಾರದು. ಆದ್ದರಿಂದ ದೊಡ್ಡ ಮಾತೆಲ್ಲ ಬದಿಗಿಟ್ಟು ನಿಮ್ಮ ಅಪ್ಪನ ಪರಿಹಾರದ ಕಾಗದದಿಂದಲೇ ಶುರು ಮಾಡೋಣ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಬೆಳೆ ನಷ್ಟಕ್ಕೆ ಎಷ್ಟು ಕೊಡಬೇಕೆಂಬುದಕ್ಕೆ ವಿಪತ್ತು ಪರಿಹಾರ ನಿಧಿಯ ನಿಯಮವಿದೆ. ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಆ ವರ್ಷದ ದರ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಇದೆಲ್ಲ ಗರಿಷ್ಠ ಎರಡು ಹೆಕ್ಟೇರಿಗೆ ಮಾತ್ರ. ಎರಡು ಹೆಕ್ಟೇರ್ ಅಂದರೆ ಸುಮಾರು 4 ಎಕರೆ 38 ಗುಂಟೆ. ನಿಮ್ಮ ಅಪ್ಪನ ಹೊಲ ಹತ್ತು ಎಕರೆ ಇದ್ದರೆ ಹಣ ಅರ್ಧವೇ ಬಂದಂತೆ ಕಾಣುತ್ತದೆ, ಆದರೆ ನಿಯಮದ ಪ್ರಕಾರ ಅದು ಪೂರ್ತಿ. ಇದನ್ನು ಮೊದಲು ನೋಡಿ. ‘ನಡುವೆ ಯಾರೋ ತಿಂದರು’ ಎಂಬ ಸಿಟ್ಟು ಎಷ್ಟೋ ಕಡೆ ಹುಟ್ಟುವುದು ಈ ಒಂದು ಸಾಲನ್ನು ಯಾರೂ ಬಿಡಿಸಿ ಹೇಳದೇ ಇರುವುದರಿಂದ.

ಹೊಲ ಅಷ್ಟಿಲ್ಲ, ಆದರೂ ಹಣ ಕಡಿಮೆ ಬಂದಿದೆ ಎಂದಾದರೆ ಕೆಲಸ ಶುರುವಾಗುವುದು ಅಲ್ಲಿಂದ. ಪರಿಹಾರದ ಹಣ ಒಬ್ಬ ರೈತನ ಖಾತೆ ಮುಟ್ಟಬೇಕಾದರೆ ನಾಲ್ಕು ಕಡೆಯ ದಾಖಲೆಗಳು ಒಂದೇ ಮಾತು ಹೇಳಬೇಕು. ಸರ್ಕಾರ ಜಮೀನಿನ ದಾಖಲೆ ಇಡುವ ‘ಭೂಮಿ’ ತಂತ್ರಾಂಶದಲ್ಲಿರುವ ಪಹಣಿ ಒಂದು. ರೈತರ ನೋಂದಣಿಗಿರುವ ಫ್ರೂಟ್ಸ್ ಇನ್ನೊಂದು, ಅದರಲ್ಲಿ ಸಿಗುವುದೇ ಎಫ್‌ಐಡಿ ಸಂಖ್ಯೆ. ಆ ಹಂಗಾಮಿನಲ್ಲಿ ಹೊಲದಲ್ಲಿ ಏನು ಬೆಳೆದಿತ್ತು ಎಂಬ ಬೆಳೆ ಸಮೀಕ್ಷೆ ಮೂರನೆಯದು. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಕೊನೆಯದು. ನಾಲ್ಕು ಸರ್ವೆ ನಂಬರ್ ಇರುವ ರೈತ ಎಫ್‌ಐಡಿ ಮಾಡಿಸುವಾಗ ಎರಡೇ ಪಹಣಿ ಕೊಟ್ಟಿದ್ದರೆ, ಉಳಿದ ಎರಡು ಹೊಲ ಪರಿಹಾರದ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದು, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರದಿದ್ದರೆ ಉಳುತ್ತಿರುವ ಮಗನಿಗೆ ಆ ಹೊಲದ ಲೆಕ್ಕದಲ್ಲಿ ಏನೂ ಬರುವುದಿಲ್ಲ. ಹೊಲದಲ್ಲಿ ತೊಗರಿ ಇತ್ತು, ಸಮೀಕ್ಷೆಯಲ್ಲಿ ಬೀಳು ಎಂದು ಬಿದ್ದಿದೆ. ಇವೆಲ್ಲ ಬೇರೆ ಬೇರೆ ಕಾರಣ, ಬೇರೆ ಬೇರೆ ಕಚೇರಿ. ಒಂದಕ್ಕೆ ರೈತ ಸಂಪರ್ಕ ಕೇಂದ್ರ, ಇನ್ನೊಂದಕ್ಕೆ ನಾಡ ಕಚೇರಿ, ಮತ್ತೊಂದಕ್ಕೆ ಬ್ಯಾಂಕು. ರೈತನಿಗೆ ಮಾತ್ರ ಎಲ್ಲ ಕಡೆಯೂ ಸಿಗುವ ಉತ್ತರ ಒಂದೇ: ‘ಬಂದಿಲ್ಲ, ಮುಂದಿನ ವಾರ ಬಾ.’

ನಾಲ್ಕನೆಯ ಮೆಟ್ಟಿಲಲ್ಲಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ, ಹೇಳುತ್ತೇನೆ. ರಾಯಚೂರು ಜಿಲ್ಲೆಯ ಒಂದು ಊರಿನಲ್ಲಿ ವಯಸ್ಸಾದ ತಾಯಿಯೊಬ್ಬರು ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಒಂದು ತಿಂಗಳೂ ಬಂದಿಲ್ಲ ಎನ್ನುತ್ತಿದ್ದರು. ಆನ್‌ಲೈನಿನಲ್ಲಿ ನೋಡಿದರೆ ಪ್ರತಿ ಕಂತೂ ‘ಜಮೆಯಾಗಿದೆ’ ಎಂದಿತ್ತು. ಮಗ ಸುಳ್ಳು ಹೇಳುತ್ತಿದ್ದಾನೆ, ಅವನೇ ತೆಗೆದುಕೊಂಡಿದ್ದಾನೆ ಎಂದು ಓಣಿಯಲ್ಲಿ ಮಾತು ಹುಟ್ಟಿ ಮನೆಯಲ್ಲಿ ಜಗಳವೂ ಆಗಿತ್ತು. ಆಕೆ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಪಾಸ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟರು. ಅದರಲ್ಲಿ ನಿಜವಾಗಿಯೂ ಒಂದು ರೂಪಾಯಿ ಬಿದ್ದಿರಲಿಲ್ಲ. ಆಧಾರ್ ಮೂಲಕ ಹೋಗುವ ಹಣ ಖಾತೆ ಸಂಖ್ಯೆ ನೋಡಿ ಹೋಗುವುದಿಲ್ಲ. ಆ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲೂ ಈಗ ಎಲ್ಲರ ಬಾಯಲ್ಲಿರುವ ‘ಎನ್‌ಪಿಸಿಐ ಮ್ಯಾಪಿಂಗ್’ ಅಂದರೆ ಇದೇ. ಎಂದೋ ಸಂಘದ ಸಾಲಕ್ಕೆಂದು ಬಂದವರು ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಇನ್ನೊಂದು ಖಾತೆ ತೆರೆದಿದ್ದರು. ಅದರ ಪಾಸ್‌ಬುಕ್ಕೇ ಆಕೆಯ ಹತ್ತಿರ ಇರಲಿಲ್ಲ. ಹಣವೆಲ್ಲ ಅಲ್ಲಿ ಕೂತಿತ್ತು. ಸರ್ಕಾರ ಹೇಳಿದ್ದೂ ನಿಜ, ತಾಯಿ ಹೇಳಿದ್ದೂ ನಿಜ, ಮಗನದು ಏನೂ ತಪ್ಪಿಲ್ಲ. ಇದು ಗೊತ್ತಾಗಲು ಮೂರು ಓಡಾಟ ಬೇಕಾಯಿತು. ಗೊತ್ತಾದ ಮೇಲೆ ಮಗ ತಾಯಿಯ ಪಕ್ಕದಲ್ಲಿ ಕೂತು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದೇ ಊರಿನಲ್ಲಿ ಕೇಳುತ್ತಾ ಹೋದಾಗ ಅದೇ ಕಾರಣಕ್ಕೆ ಸಿಕ್ಕಿಹಾಕಿಕೊಂಡವರು ಇನ್ನೂ ಕೆಲವರು ಸಿಕ್ಕರು. ಅವರಿಗೆ ಮೂರು ಓಡಾಟ ಬೇಕಾಗಲಿಲ್ಲ, ಒಂದೇ ಸಾಕಾಯಿತು. ನೀವು ಬರೆಯಬೇಕಾದ ಕೋಡ್ ಹುಟ್ಟುವುದು ಇಲ್ಲಿ: ಮೊದಲನೆಯವರ ಮೂರು ಓಡಾಟದಲ್ಲಿ ಕಲಿತದ್ದು ಹತ್ತನೆಯವರಿಗೆ ಒಂದೇ ಓಡಾಟದಲ್ಲಿ ದಕ್ಕುವಂತೆ ಮಾಡುವುದು.

ಹೇಗೆ ಎಂದು ಹೇಳುವ ಮುಂಚೆ, ಕೋಡ್ ಬರೆಯುವವರು ಎಡವುವ ಕೆಲವು ಸಣ್ಣ ಕಲ್ಲುಗಳನ್ನು ತೋರಿಸುತ್ತೇನೆ. ಯಾಕೆಂದರೆ ನಾನೂ ಎಡವಿದ್ದೇನೆ, ಮತ್ತು ಇವು ಕಾಲೇಜಿನಲ್ಲಿ ಕಲಿಸುವಂಥವಲ್ಲ.

ಪಹಣಿಯ ಮೂರನೆಯ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ. 2.20.00.00 ಎಂದು ಬರೆದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ. ಬಹಳ ಹಿಂದೆ ಒಂದು ರೈತ ಗುಂಪಿಗೆ ಹಾಳೆಯೊಂದನ್ನು ಮಾಡಿಕೊಡುವಾಗ ನಾನು ಇದನ್ನು ದಶಮಾಂಶ ಎಂದುಕೊಂಡು ಕೂಡಿಸಿಬಿಟ್ಟೆ. 2.20ಕ್ಕೆ 1.30 ಸೇರಿಸಿ 3.50, ಅಂದರೆ ಮೂರೂವರೆ ಎಕರೆ ಎಂದು ಬಂತು. ನಿಜವಾದ ಲೆಕ್ಕ 4 ಎಕರೆ 10 ಗುಂಟೆ. ಹಿರಿಯರೊಬ್ಬರು ಹಾಳೆ ನೋಡಿ, ‘ಸರ, ನನ್ನ ಮೂವತ್ತು ಗುಂಟಿ ಎಲ್ಲಿ ಹೋತರೀ?’ ಎಂದು ಮೆಲ್ಲಗೆ ಕೇಳಿದರು. ಓದು ಬಾರದ ಆ ಮನುಷ್ಯ ಮನಸ್ಸಿನಲ್ಲೇ ಮಾಡಿದ ಲೆಕ್ಕವನ್ನು ನನ್ನ ಕಂಪ್ಯೂಟರ್ ತಪ್ಪಿಸಿತ್ತು. ಅವತ್ತಿನಿಂದ ಎಲ್ಲವನ್ನೂ ಮೊದಲು ಗುಂಟೆಗೆ ಇಳಿಸಿ, ಕೂಡಿಸಿ, ಕೊನೆಗೆ ಎಕರೆಗೆ ಏರಿಸುತ್ತೇನೆ. ಯಾವ ಹಾಳೆಯೇ ಆಗಲಿ, ಹೊಲದ ಯಜಮಾನರಿಗೆ ಓದಿ ಹೇಳದೆ ಹೊರಗೆ ಬಿಡುವುದಿಲ್ಲ.

ಇನ್ನು ಹೆಸರು. ಒಂಬತ್ತನೆಯ ಕಾಲಂನಲ್ಲಿ ‘ಹನುಮಂತಪ್ಪ ತಂದೆ ಯಮನಪ್ಪ’ ಎಂದಿರುತ್ತದೆ. ಆಧಾರ್‌ನಲ್ಲಿ ‘ಹಣಮಂತಪ್ಪ’, ಪಾಸ್‌ಬುಕ್ಕಿನಲ್ಲಿ ‘ಹನಮಪ್ಪ ವೈ’. ಮೂವರೂ ಒಬ್ಬರೇ ಎಂದು ಇಡೀ ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹಳೆ ಮೈಸೂರು ಕಡೆಯ ದಾಖಲೆಯಲ್ಲಿ ‘ಬಿನ್’, ‘ಕೋಂ’ ಎಂದು ಬರುವುದು ನಿಮ್ಮ ಕಡೆ ‘ತಂದೆ’, ‘ಗಂಡ’ ಎಂದಾಗುತ್ತದೆ. ಅಡ್ಡಹೆಸರು ಕಡ್ಡಾಯ ಎಂದು ಫಾರಂ ಮಾಡಿದರೆ ಅದೇ ಇಲ್ಲದವರು ಹೊರಗುಳಿಯುತ್ತಾರೆ. ನೀವು ಕಡ್ಡಾಯ ಮಾಡುವ ಪ್ರತಿ ಖಾನೆಯೂ ಯಾರನ್ನೋ ಬಾಗಿಲಲ್ಲಿ ನಿಲ್ಲಿಸುತ್ತದೆ ಎಂಬುದು ನೆನಪಿರಲಿ.

ಕನ್ನಡ ಅಕ್ಷರಗಳದ್ದೇ ಒಂದು ತೊಡಕಿದೆ. ಸಂಗಪ್ಪ, ಸ೦ಗಪ್ಪ. ಎರಡೂ ನಿಮಗೆ ಒಂದೇ ಕಂಡವಲ್ಲವೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ ಅಂಕಿ. ಟೈಪ್ ಮಾಡುವ ಅವಸರದಲ್ಲಿ ಎಷ್ಟೋ ಜನ ಸೊನ್ನೆಯನ್ನೇ ಒತ್ತುತ್ತಾರೆ. ಹುಡುಕಿದರೆ ಸಂಗಪ್ಪ ಸಿಗುವುದಿಲ್ಲ, ಪಟ್ಟಿಯಲ್ಲಿ ಹೆಸರೇ ಇಲ್ಲ ಎಂದು ಅವರನ್ನು ವಾಪಸ್ ಕಳಿಸುತ್ತಾರೆ. ಹಳೆಯ ನುಡಿ, ಬರಹ ಫಾಂಟುಗಳಿಂದ ಯೂನಿಕೋಡಿಗೆ ತಿರುಗಿಸಿದ ಪಟ್ಟಿಗಳಲ್ಲಿ ಅರ್ಕಾವತ್ತು, ಒತ್ತಕ್ಷರಗಳೂ ಕೆಟ್ಟಿರುತ್ತವೆ. ಅಕ್ಷರಗಳ ಪಕ್ಕದಲ್ಲಿ ಬಂದ ಸೊನ್ನೆಯನ್ನು ಅನುಸ್ವಾರ ಮಾಡುವುದು ಪೈಥಾನ್‌ನಲ್ಲಿ ಎರಡು ಸಾಲಿನ ಕೆಲಸ. ಆ ಎರಡು ಸಾಲು ಬರೆಯಲು ಕನ್ನಡವೂ ಬರಬೇಕು, ಕೋಡೂ ಬರಬೇಕು. ನಿಮಗೆ ಎರಡೂ ಬರುತ್ತದೆ. ಇಂಥ ಕಡೆ ನಿಮ್ಮಂಥವರ ಅಗತ್ಯ ಎಷ್ಟಿದೆ ಎಂಬುದನ್ನು ಹೇಗೆ ಹೇಳಲಿ!

ಈಗ ಕಟ್ಟುವ ವಿಷಯ. ಊರಿನ ಪ್ರತಿಯೊಬ್ಬರ ಫೋನಿಗೂ ಆ್ಯಪ್ ಹಾಕುವ ಯೋಚನೆ ಬಿಡಿ. ಊರಿನಲ್ಲಿ ಕಾಗದ ಓದಿ ಹೇಳುವ ಒಬ್ಬರೋ ಇಬ್ಬರೋ ಈಗಲೂ ಇರುತ್ತಾರೆ: ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳು, ಆಶಾ ಕಾರ್ಯಕರ್ತೆ, ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರು. ನಿಮ್ಮ ಬಳಕೆದಾರರು ಅವರು. ಅವರಿಗೆ ಬೇಕಾದದ್ದು ಬಹಳ ಸರಳ. ಒಬ್ಬರು ಕಾಗದ ಹಿಡಿದು ಬಂದರೆ ಏಳೆಂಟು ಪ್ರಶ್ನೆ ಕೇಳಬೇಕು. ಪಹಣಿ ಯಾರ ಹೆಸರಿನಲ್ಲಿದೆ, ಎಷ್ಟು ಸರ್ವೆ ನಂಬರ್, ಎಫ್‌ಐಡಿಯಲ್ಲಿ ಎಷ್ಟು ಸೇರಿವೆ, ಸಮೀಕ್ಷೆಯಲ್ಲಿ ಯಾವ ಬೆಳೆ ಇದೆ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ. ಉತ್ತರ ತುಂಬಿದರೆ ಒಂದು ಚೀಟಿ ಹೊರಬರಬೇಕು. ಎಲ್ಲಿ ನಿಂತಿದೆ, ಯಾವ ಕಚೇರಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು, ಅಲ್ಲಿ ಏನೆಂದು ಕೇಳಬೇಕು. ದಪ್ಪ ಅಕ್ಷರದಲ್ಲಿ, ನಿಮ್ಮ ಊರಿನ ಕನ್ನಡದಲ್ಲಿ. ಜೇಬಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತುವ ಹಾಗಿರಬೇಕು.

ಚೀಟಿಯ ಕೆಳಗೆ ಒಂದು ಖಾಲಿ ಗೆರೆ ಬಿಡಿ, ಸಕಾಲ ಸಂಖ್ಯೆಗೆ. ಸರ್ಕಾರಿ ಸೇವೆಯನ್ನು ನಿಗದಿತ ಅವಧಿಯೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಸಿಗಬೇಕು, ಅದು ತಡಮಾಡಿದ ನೌಕರರ ಸಂಬಳದಿಂದ ಬರಬೇಕು. ಹಣ ಸಣ್ಣದು, ಆದರೆ ಆ ಸಂಖ್ಯೆ ಕೈಯಲ್ಲಿದ್ದವರೊಂದಿಗೆ ಕಚೇರಿ ಮಾತಾಡುವ ಧಾಟಿಯೇ ಬೇರೆ. ಅವಧಿ ಮುಗಿಯುವ ದಿನ ಆ ಸಂಘದ ಹೆಣ್ಣುಮಗಳ ಫೋನಿಗೆ ಒಂದು ನೆನಪೋಲೆ ಹೋದರೆ ಸಾಕು. ನಿಮ್ಮ ಆ್ಯಪಿನ ಹವಾಮಾನ ಪುಟಕ್ಕಿಂತ ಹೆಚ್ಚು ಕೆಲಸ ಅದು ಮಾಡುತ್ತದೆ.

ಇದರಿಂದ ಸಮಾಜ ಬದಲಾಗುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ಒಂದು ಹಳೆಯ ಸಂಗತಿ ಹೇಳುತ್ತೇನೆ. ರಾಜಸ್ಥಾನದ ದೇವ್‌ಡುಂಗ್ರಿ ಎಂಬ ಸಣ್ಣ ಊರಿನಲ್ಲಿ 1990ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಆ ಭಾಗದ ಕೂಲಿಕಾರರು, ಸಣ್ಣ ರೈತರು ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. ಬರಗಾಲದ ಕಾಮಗಾರಿಯಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಹಾಜರಿ ಪುಸ್ತಕ ತೋರಿಸಿ ಎಂದು ಕೇಳಿದರೆ ಅದು ಸರ್ಕಾರದ ಗುಟ್ಟು ಎನ್ನುತ್ತಿದ್ದರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಅವರು ಮೊದಲ ಜನ ಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿದರು. ಹಾಜರಿ ಪುಸ್ತಕದ ಹೆಸರುಗಳನ್ನು ಊರಿನ ಎದುರು ಜೋರಾಗಿ ಓದಿದರು, ಅಷ್ಟೇ. ಕೆಲಸಕ್ಕೇ ಬಾರದವರ ಹೆಸರಿಗೆ ಕೂಲಿ ಹೋಗಿತ್ತು. ಜನರಿಗೆ ಅದು ಕಿವಿಯಲ್ಲಿ ಬಿದ್ದ ಮೇಲೆ ಯಾರೂ ಸುಮ್ಮನಿರಲಿಲ್ಲ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ದೇಶದಾದ್ಯಂತ ಬೆಳೆದ ಆ ಹೋರಾಟದ ಫಲವೇ 2005ರ ಮಾಹಿತಿ ಹಕ್ಕು ಕಾಯ್ದೆ.

ಕಂಪ್ಯೂಟರ್ ಈ ಕಥೆಯೊಳಗೆ ಬಂದದ್ದು ಬಹಳ ತಡವಾಗಿ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನ ಸರ್ಕಾರ ಜನ ಸೂಚನಾ ಪೋರ್ಟಲ್ ತೆರೆಯಿತು. ಯಾವ ಪಂಚಾಯಿತಿಯಲ್ಲಿ ಯಾರಿಗೆ ಪಡಿತರ ಹೋಯಿತು, ಯಾರಿಗೆ ಪಿಂಚಣಿ ಹೋಯಿತು ಎಂಬುದನ್ನು ಅರ್ಜಿ ಹಾಕದೆಯೇ ನೋಡಬಹುದು. ನಮ್ಮ ರಾಜ್ಯದ ‘ಮಾಹಿತಿ ಕಣಜ’ ಎಂಬ ತಾಣವೂ ಅದೇ ದಾರಿಯದ್ದು. ರಾಜಸ್ಥಾನದ ಆ ಪೋರ್ಟಲಿನಲ್ಲಿ ಯಾವ ಮಾಹಿತಿ ಇರಬೇಕೆಂದು ಸಂಘಟನೆಯವರು ಕೂತು ಚರ್ಚಿಸಿದಾಗ ಅವರಿಗೆ ಉತ್ತರ ಗೊತ್ತಿತ್ತು. ಇಪ್ಪತ್ತೈದು ವರ್ಷ ಊರಿನ ಅಂಗಳದಲ್ಲಿ ಹೆಸರು ಓದಿದ್ದರಲ್ಲ! ಯಾವ ಖಾನೆ ಬಚ್ಚಿಟ್ಟರೆ ಮೋಸ ನಡೆಯುತ್ತದೆ ಎಂಬುದು ಅವರ ಅನುಭವದಲ್ಲಿತ್ತು. ಕೋಡ್ ಬರೆದವರು ಆ ಅನುಭವಕ್ಕೆ ರೂಪ ಕೊಟ್ಟರು. ನಿಮ್ಮ ಹ್ಯಾಕಥಾನ್‌ನಲ್ಲಿ ಈ ಕ್ರಮ ತಿರುವುಮುರುವಾಗಿತ್ತು.

ಮಾಹಿತಿ ಕಣಜವನ್ನು ಒಮ್ಮೆ ನಿಮ್ಮ ಪಂಚಾಯಿತಿಯ ಹೆಸರು ಹಾಕಿ ನೋಡಿ. ಎಷ್ಟೋ ಮಾಹಿತಿ ಅಲ್ಲಿದೆ. ಆದರೆ ಅದು ಊರಿನ ಕಟ್ಟೆಗೆ ಬಂದಿಲ್ಲ. ಪಂಚಾಯಿತಿಯ ಪಟ್ಟಿಯನ್ನು ಮುದ್ರಿಸಿ ಗ್ರಾಮಸಭೆಯಲ್ಲಿ ಓದಿಸುವುದು ಕೂಡ ನಿಮ್ಮಿಂದ ಆಗುವ ಕೆಲಸವೇ. ಅದಕ್ಕೆ ಕೋಡ್ ಬೇಕಾಗುವುದು ಕಡಿಮೆ, ಗಟ್ಟಿ ಗಂಟಲು ಬೇಕು.

ಓದಲು ಬಾರದವರ ವಿಷಯದಲ್ಲಿ ಇನ್ನೊಂದು ಉದಾಹರಣೆ ನನಗೆ ತುಂಬ ಪ್ರಿಯವಾದದ್ದು. ಛತ್ತೀಸ್‌ಗಢದಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ 2010ರಲ್ಲಿ ಸಿಜಿನೆಟ್ ಸ್ವರ ಎಂಬುದನ್ನು ಶುರು ಮಾಡಿದರು. ಸಾದಾ ಫೋನಿನಿಂದ ಕರೆ ಮಾಡಿ, ಒಂದು ಒತ್ತಿ ನಿಮ್ಮ ಊರಿನ ಸುದ್ದಿ ಹೇಳಿ, ಎರಡು ಒತ್ತಿ ಬೇರೆಯವರದ್ದು ಕೇಳಿ. ಆದಿವಾಸಿಗಳು ಗೊಂಡಿ ಭಾಷೆಯಲ್ಲೇ ಮಾತಾಡಿದರು: ಕೈಪಂಪು ಕೆಟ್ಟಿದೆ, ಶಾಲೆಗೆ ಮೇಷ್ಟ್ರು ಬರುತ್ತಿಲ್ಲ, ಕೂಲಿ ಬಂದಿಲ್ಲ. ಸುದ್ದಿಯ ಜತೆ ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರನ್ನೂ ಹೇಳುತ್ತಿದ್ದರು, ಕೇಳಿದವರು ನಗರಗಳಿಂದ ಆ ಅಧಿಕಾರಿಗೆ ಫೋನ್ ಮಾಡುತ್ತಿದ್ದರು. ಅದರ ತಂತ್ರಜ್ಞಾನಕ್ಕೆ ನೆರವಾದವರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರೂ ಇದ್ದರು. ನಿಮ್ಮ ಚೀಟಿಯನ್ನು ಮುಂದೊಂದು ದಿನ ದನಿಯಾಗಿಸಬೇಕು ಅನ್ನಿಸಿದಾಗ ಇದನ್ನು ನೆನಪಿಸಿಕೊಳ್ಳಿ. ನಿಮ್ಮ ಅವ್ವನ ದನಿಯಲ್ಲೇ ಧ್ವನಿಮುದ್ರಿಸಿ. ಊರಿನವರು ಆ ಮಾತಿಗೆ ಕಿವಿಗೊಡುತ್ತಾರೆ.

ತುರ್ತು ಹೊತ್ತಿನಲ್ಲಿ ಹುಡುಗರು ಎಷ್ಟು ಬೇಗ ಕಟ್ಟಬಲ್ಲರು ಎಂಬುದಕ್ಕೆ ಕೇರಳದ 2018ರ ಆಗಸ್ಟ್ ನೆರೆ ಸಾಕ್ಷಿ. ಸ್ವಯಂಸೇವಕ ಇಂಜಿನಿಯರುಗಳು ರಾಜ್ಯದ ಐಟಿ ಮಿಷನ್ ಜತೆ ಸೇರಿ ಕೇರಳ ರೆಸ್ಕ್ಯೂ ತಾಣವನ್ನು ಕಟ್ಟಿದರು, ಪೈಥಾನ್‌ನಲ್ಲಿ, ಎಲ್ಲರಿಗೂ ಕಾಣುವಂತೆ ಗಿಟ್‌ಹಬ್‌ನಲ್ಲಿ. ಛಾವಣಿ ಮೇಲೆ ಸಿಕ್ಕಿಹಾಕಿಕೊಂಡವರ ಮೊರೆ ಅಲ್ಲಿಗೆ ಬಂದು ಬಿತ್ತು. ಅದು ಕೆಲಸ ಮಾಡಿದ್ದು ತಾಣದ ಹಿಂದೆ ಜಿಲ್ಲಾ ನಿಯಂತ್ರಣ ಕೊಠಡಿಗಳು, ಬಂದ ಪ್ರತಿ ನಂಬರಿಗೂ ತಿರುಗಿ ಫೋನ್ ಮಾಡುವ ಜನ, ದೋಣಿ ಹೊತ್ತು ತಂದ ಮೀನುಗಾರರು ಇದ್ದದ್ದರಿಂದ. ಇನ್ನೊಂದು ಕೋವಿಡ್ ಕಾಲದ್ದು. ರಾಜ್ಯಗಳ ದಿನದ ಪ್ರಕಟಣೆಗಳನ್ನು ಕೂಡಿಸಿ ದೇಶಕ್ಕೆಲ್ಲ ಲೆಕ್ಕ ಕೊಟ್ಟ ಕೋವಿಡ್19ಇಂಡಿಯಾ ತಾಣ. 2020ರ ಮಾರ್ಚಿನಲ್ಲಿ ಸ್ವಯಂಸೇವಕರು ಶುರು ಮಾಡಿದ್ದನ್ನು 2021ರ ಅಕ್ಟೋಬರ್ 31ಕ್ಕೆ ನಿಲ್ಲಿಸುತ್ತೇವೆ ಎಂದು ಮುಂಚೆಯೇ ತಿಳಿಸಿ, ನಿಲ್ಲಿಸಿದರು. ಅದನ್ನು ನಾನು ಬಹಳ ಮೆಚ್ಚುತ್ತೇನೆ. ನಿಮ್ಮದೂ ಎಂದಾದರೂ ನಿಲ್ಲಬೇಕಾದರೆ ಜನರಿಗೆ ಹೇಳಿ ನಿಲ್ಲಿಸಿ. ಸರ್ವರಿನ ಬಾಡಿಗೆ ಕಟ್ಟದೆ ಒಂದು ದಿನ ಮಾಯವಾಗುವ ತಾಣ, ನಂಬಿ ಬಂದವರನ್ನು ಮತ್ತೊಮ್ಮೆ ‘ಮುಂದಿನ ವಾರ ಬಾ’ ಎಂದು ಕಳಿಸಿದ ಹಾಗೆ.

ಎಚ್ಚರಿಕೆಯ ಮಾತು ಎರಡು ಇವೆ. ಜನ ನಿಮ್ಮನ್ನು ನಂಬಿ ಆಧಾರ್, ಪಾಸ್‌ಬುಕ್ ಎಲ್ಲ ಕೈಗಿಡುತ್ತಾರೆ. ಫೋಟೋ ತೆಗೆದಿಟ್ಟುಕೊಳ್ಳಬೇಡಿ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಸಾಕು, ಖಾತೆ ಸಂಖ್ಯೆ ಬೇಡವೇ ಬೇಡ. ‘ಹಣ ಬರದವರ ಪಟ್ಟಿ’ ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಿರೋ, ಮಾರನೆಯ ದಿನವೇ ಅವರಿಗೆ ‘ಪರಿಹಾರ ಮಂಜೂರಾಗಿದೆ, ಒಟಿಪಿ ಹೇಳಿ’ ಎಂಬ ಕರೆ ಬರಬಹುದು. ಕೆಲಸ ಮುಗಿದ ಸಾಲುಗಳನ್ನು ಅಳಿಸುತ್ತಾ ಹೋಗಿ.

ಎರಡನೆಯದು, ಊರಿನ ಬಲ. ನ್ಯಾಯಬೆಲೆ ಅಂಗಡಿಯ ತೂಕದ ಬಗ್ಗೆಯೋ, ಕಾಮಗಾರಿಯ ಬಿಲ್ಲಿನ ಬಗ್ಗೆಯೋ ಮಾಹಿತಿ ಹೊರಬಂದರೆ ಕೋಪ ಬರುವುದು ಬೆಂಗಳೂರಿನಲ್ಲಿರುವ ನಿಮ್ಮ ಮೇಲಲ್ಲ. ಅದೇ ಓಣಿಯಲ್ಲಿ ಬದುಕಬೇಕಾದ ದೂರುದಾರರ ಮೇಲೆ. ಒಬ್ಬರ ಹೆಸರಿನ ದೂರು ಎಂದೂ ಬೇಡ, ಹತ್ತು ಜನ ಸಹಿ ಮಾಡಲಿ, ಸಂಘದ ಹೆಸರಿನಲ್ಲಿ ಹೋಗಲಿ. ಜತೆಗೆ ಇದೂ ಇರಲಿ: ಕಚೇರಿಯವರೆಲ್ಲ ವೈರಿಗಳಲ್ಲ. ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್ ಇವರ ಮೇಲೆ ಬಿದ್ದಿರುವ ಹೊರೆಯನ್ನು ಪಕ್ಕದಲ್ಲಿ ಕೂತು ನೋಡಿ. ನಿಮ್ಮ ಚೀಟಿಯಿಂದ ತಪ್ಪು ಬಾಗಿಲಿಗೆ ಬರುವವರು ಕಡಿಮೆಯಾದರೆ ಮೊದಲು ಖುಷಿಪಡುವವರು ಅವರೇ. ನನ್ನ ಎಷ್ಟೋ ಕೆಲಸ ಆದದ್ದು ಹೆಸರು ಹೇಳಿಕೊಳ್ಳಲು ಇಷ್ಟಪಡದ ಅಂಥ ನೌಕರರ ಸಹಾಯದಿಂದ.

ಕೆಲಸ ಬಿಡಲೇ ಎಂದು ಕೇಳಿದ್ದೀರಿ. ಈಗ ಬಿಡಬೇಡಿ. ನಿಮ್ಮ ಮನೆಯಲ್ಲಿ ಸಂಬಳ ತರುವವರು ಬಹುಶಃ ನೀವೇ. ಆ ಸಂಬಳ ಇರುವಷ್ಟು ದಿನ ಯಾರ ಹಂಗೂ ಇಲ್ಲದೆ, ಯಾವ ದೇಣಿಗೆದಾರರಿಗೂ ಚಂದದ ಅಂಕಿ ತೋರಿಸುವ ಒತ್ತಡವಿಲ್ಲದೆ ಈ ಕೆಲಸ ಮಾಡಬಹುದು. ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ. ಒಂದು ವರ್ಷ ಒಂದೇ ಊರು, ಒಂದೇ ಸಮಸ್ಯೆ. ಆಮೇಲೂ ಊರಿನವರೇ ಫೋನ್ ಮಾಡಿ ಯಾವಾಗ ಬರುತ್ತೀ ಎಂದು ಕೇಳುತ್ತಿದ್ದರೆ, ಪಕ್ಕದ ಊರಿನವರೂ ಚೀಟಿ ಕೇಳುತ್ತಿದ್ದರೆ, ಆಗ ಕೆಲಸ ಬಿಡುವ ಮಾತನ್ನು ಅಪ್ಪ ಅವ್ವನ ಎದುರು ಕೂತು ಮಾತಾಡಿ. ಅಲ್ಲಿಯವರೆಗೆ ಒಬ್ಬರೇ ಇರಬೇಡಿ. ಬೆಂಗಳೂರಿನಲ್ಲೇ ಸಾರ್ವಜನಿಕ ದತ್ತಾಂಶದ ಆಸಕ್ತರ ಬಳಗವಾದ ಡೇಟಾಮೀಟ್ ಇದೆ, ಮುಕ್ತ ತಂತ್ರಾಂಶದವರ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಇದೆ, ಕನ್ನಡ ಪಠ್ಯದ ತೊಡಕುಗಳನ್ನು ವರ್ಷಗಟ್ಟಲೆ ಬಿಡಿಸಿರುವ ಸಂಚಯದವರಿದ್ದಾರೆ. ಸೊನ್ನೆ–ಅನುಸ್ವಾರದ ಪೇಚಾಟ ಅವರಿಗೆ ಹೊಸದಲ್ಲ.

ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪ್ ಒಯ್ಯಬೇಡಿ. ಅಪ್ಪನನ್ನು ಕೂರಿಸಿಕೊಂಡು ಪಹಣಿ, ಎಫ್‌ಐಡಿ ಹಾಳೆ, ಆಧಾರ್, ಪಾಸ್‌ಬುಕ್ ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಇಡಿ. ಒಂದೊಂದರ ಹೆಸರನ್ನೂ ಜೋರಾಗಿ ಓದಿ. ಎಷ್ಟು ಸರ್ವೆ ನಂಬರ್ ಇವೆ ಎಂದು ಮೊದಲು ಅವರ ಬಾಯಿಂದ ಕೇಳಿ, ಆಮೇಲೆ ಹಾಳೆ ನೋಡಿ. ಹನ್ನೊಂದನೆಯ ಕಾಲಂನಲ್ಲಿ ತೀರಿಸಿದ ಹಳೆಯ ಸಾಲ ಇನ್ನೂ ಇದೆಯೇ ಎಂದೂ ನೋಡಿಬಿಡಿ, ಎಷ್ಟೋ ಪಹಣಿಗಳಲ್ಲಿ ಅದು ಹಾಗೇ ಉಳಿದಿರುತ್ತದೆ. ಹಣ ಎಲ್ಲಿ ನಿಂತಿತ್ತು ಎಂಬುದು ಗೊತ್ತಾದರೆ ನನಗೆ ಬರೆಯಿರಿ. ಗೊತ್ತಾಗದಿದ್ದರೂ ಬರೆಯಿರಿ, ಮುಂದಿನ ಕಚೇರಿ ಯಾವುದೆಂದು ಇಬ್ಬರೂ ಸೇರಿ ಹುಡುಕೋಣ.